ಪಾಲ್ ಬ್ರ್ಯಾಂಡ್: ಮಡಚಿದ ಬೆರಳುಗಳನ್ನು ಮತ್ತೆ ಕೆಲಸಕ್ಕೆ ಹಚ್ಚಿದ ವೈದ್ಯ

ಮದರ್ ತೆರೇಸಾ ಅವರ ನೀಲಿ ಅಂಚಿನ ಬಿಳಿ ಸೀರೆಯನ್ನು ನೀವು ಚಿತ್ರಗಳಲ್ಲಿ ನೋಡಿಯೇ ಇರುತ್ತೀರಿ. ಆ ಸೀರೆಗಳನ್ನು ನೇಯುವವರು ಯಾರು ಗೊತ್ತೇ? ಕೋಲ್ಕತ್ತದ ಉತ್ತರಕ್ಕೆ, ಹೂಗ್ಲಿ ನದಿಯ ದಡದಲ್ಲಿ ಟಿಟಾಗಢ ಎಂಬ ಊರಿದೆ. ಅಲ್ಲಿ ರೈಲು ಹಳಿಯ ಪಕ್ಕದಲ್ಲಿ ಗಾಂಧೀಜಿ ಪ್ರೇಮ ನಿವಾಸ ಎಂಬ ಕುಷ್ಠರೋಗಿಗಳ ಕೇಂದ್ರ 1958ರಿಂದ ನಡೆಯುತ್ತಿದೆ. ಮದರ್ ತೆರೇಸಾ ಅವರ ಸಂಸ್ಥೆಯ ಸನ್ಯಾಸಿನಿಯರು ಉಡುವ ಸೀರೆ ತಯಾರಾಗುವುದು ಅಲ್ಲಿನ ಮಗ್ಗಗಳಲ್ಲಿ. ಮಗ್ಗದ ಮುಂದೆ ಕೂತಿರುವವರು ಕುಷ್ಠರೋಗ ಬಂದು ಚಿಕಿತ್ಸೆ ಪಡೆದವರು. ಅವರಲ್ಲಿ ಕೆಲವರ ಬೆರಳು ಬಾಗಿವೆ, ಕೆಲವರ ಬೆರಳು ಮೊಟಕಾಗಿವೆ. ಆದರೂ ಲಾಳಿ ಓಡುತ್ತದೆ, ಸೀರೆ ಮುಗಿಯುತ್ತದೆ.

ಇದನ್ನು ಮೊದಲಿಗೇ ಹೇಳಲು ಕಾರಣವಿದೆ. ನಿಮಗೋ ನಿಮ್ಮ ಮನೆಯವರಿಗೋ ಕೈ ಮರಗಟ್ಟಿದ್ದರೆ, ಬೆರಳು ಮಡಚಿಕೊಂಡಿದ್ದರೆ, ಇನ್ನು ಈ ಕೈ ಇದ್ದೂ ಇಲ್ಲದಂತೆ ಎಂದು ನೀವು ಅಂದುಕೊಂಡಿರಬಹುದು. ಎಂಬತ್ತು ವರ್ಷಗಳ ಹಿಂದೆ ವೈದ್ಯರಲ್ಲೂ ಹೆಚ್ಚಿನವರು ಹಾಗೆಯೇ ನಂಬಿದ್ದರು. ಆ ನಂಬಿಕೆ ತಪ್ಪೆಂದು ತೋರಿಸಿಕೊಟ್ಟವರಲ್ಲಿ ಮೊದಲ ಹೆಸರು ಡಾ. ಪಾಲ್ ಬ್ರ್ಯಾಂಡ್. ಅವರ ಬದುಕಿನ ಕಥೆಯಲ್ಲಿ ನಿಮ್ಮ ಕೈಯ ಆರೈಕೆಗೆ ಬೇಕಾದ ಪಾಠವೂ ಇದೆ.

ಮೊದಲು ಔಷಧದ ಹುಡುಕಾಟ

ಕುಷ್ಠರೋಗ ಶಾಪವಲ್ಲ, ಪಾಪದ ಫಲವಲ್ಲ. ಅದು ಒಂದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಈ ರೋಗಾಣು ಮುಖ್ಯವಾಗಿ ಚರ್ಮಕ್ಕೂ ನರಗಳಿಗೂ ಹಾನಿ ಮಾಡುತ್ತದೆ. ಇದಕ್ಕೆ ಔಷಧ ಹುಡುಕುವ ಕೆಲಸದಲ್ಲಿ ಕೋಲ್ಕತ್ತಕ್ಕೆ ದೊಡ್ಡ ಪಾತ್ರವಿದೆ. ಸರ್ ಲಿಯೊನಾರ್ಡ್ ರೋಜರ್ಸ್ ಅವರ ಪ್ರಯತ್ನದಿಂದ ಆ ನಗರದಲ್ಲಿ ಉಷ್ಣವಲಯದ ಕಾಯಿಲೆಗಳ ಅಧ್ಯಯನಕ್ಕೆಂದೇ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್ ಶುರುವಾಯಿತು. 1920ರ ದಶಕದಲ್ಲಿ ಅಲ್ಲಿ ಡಾ. ಅರ್ನೆಸ್ಟ್ ಮ್ಯೂರ್ ಕುಷ್ಠರೋಗದ ಸಂಶೋಧನೆ ನಡೆಸಿದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಗರುಡಫಲ ಎಂದು ಕರೆಯುವ ಮರವಿದೆಯಲ್ಲ, ಆ ಜಾತಿಯ ಮರಗಳ ಬೀಜದ ಎಣ್ಣೆಯಿಂದ ಮಾಡಿದ ಚುಚ್ಚುಮದ್ದೇ ಆಗಿನ ಮುಖ್ಯ ಚಿಕಿತ್ಸೆ. ಅದರಿಂದ ಸಿಗುತ್ತಿದ್ದ ಗುಣ ಅಷ್ಟಕ್ಕಷ್ಟೆ. 1940ರ ದಶಕದಲ್ಲಿ ಸಲ್ಫೋನ್ ಗುಂಪಿನ ಔಷಧಗಳು ಬಂದ ಮೇಲೆಯೇ ರೋಗಾಣುವನ್ನು ನಿಜವಾಗಿ ಹತ್ತಿಕ್ಕಲು ಸಾಧ್ಯವಾದದ್ದು.

ಆದರೆ ಒಂದು ಪ್ರಶ್ನೆ ಹಾಗೆಯೇ ಉಳಿಯಿತು. ಔಷಧದಿಂದ ರೋಗಾಣು ಸತ್ತರೂ ಅಷ್ಟರೊಳಗೆ ಸೊಟ್ಟಗಾಗಿದ್ದ ಕೈ ನೆಟ್ಟಗಾಗುತ್ತಿರಲಿಲ್ಲ. ಕಾಯಿಲೆ ಹೋಗಿದೆ ಎಂದು ವೈದ್ಯರು ಹೇಳಿದರೂ ಆ ಕೈ ನೋಡಿದ ಊರವರು ನಂಬುತ್ತಿರಲಿಲ್ಲ. ಕೈ ಕೆಲಸಕ್ಕೆ ಬಾರದಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಭಿಕ್ಷೆಯೇ ಗತಿ. ಈ ಕೈಗಳಿಗೆ ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೋಲ್ಕತ್ತದಿಂದ ಬಹು ದೂರದಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ.

ಬೆಟ್ಟದ ಹುಡುಗ, ಬಡಗಿ, ವೈದ್ಯ

ಪಾಲ್ ಬ್ರ್ಯಾಂಡ್ ಇಂಗ್ಲಿಷ್ ದಂಪತಿಯ ಮಗ. ಹುಟ್ಟಿದ್ದು ಮಾತ್ರ ತಮಿಳುನಾಡಿನ ಕೊಲ್ಲಿಮಲೈ ಬೆಟ್ಟಗಳಲ್ಲಿ, 1914ರ ಜುಲೈನಲ್ಲಿ. ತಂದೆ ಜೆಸ್ಸಿ, ತಾಯಿ ಈವ್ಲಿನ್ ಇಬ್ಬರೂ ಕ್ರೈಸ್ತ ಮಿಷನರಿಗಳು. ಬೆಟ್ಟದ ಜನರಿಗೆ ತಮಗೆ ತಿಳಿದ ಮಟ್ಟಿಗೆ ಔಷಧ ಕೊಡುತ್ತಿದ್ದರು, ಗಾಯ ತೊಳೆಯುತ್ತಿದ್ದರು. ಪಾಲ್ ಚಿಕ್ಕವನಿದ್ದಾಗ ಒಮ್ಮೆ ಮೂವರು ಅಪರಿಚಿತರು ಮನೆಯ ಬಳಿ ಬಂದರು. ಯಾರು ಬಂದರೂ ಮುಟ್ಟಿ ಮಾತಾಡಿಸುತ್ತಿದ್ದ ತಂದೆ ಅಂದು ಕೈಗವಸು ತೊಟ್ಟು ಅವರ ಪಾದದ ಗಾಯಗಳಿಗೆ ಪಟ್ಟಿ ಕಟ್ಟಿದರು. ಮಕ್ಕಳನ್ನು ದೂರ ನಿಲ್ಲಿಸಿದರು. ಬಂದವರಿಗೆ ಕುಷ್ಠರೋಗವಿತ್ತು. ಎಷ್ಟು ಕರುಣೆಯಿದ್ದವರ ಮನೆಯಲ್ಲೂ ಆ ಕಾಲಕ್ಕೆ ಈ ಕಾಯಿಲೆಯ ಭಯ ಎಷ್ಟಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಒಂಬತ್ತನೇ ವಯಸ್ಸಿಗೆ ಪಾಲ್‌ನನ್ನು ಓದಲು ಇಂಗ್ಲೆಂಡಿಗೆ ಕಳುಹಿಸಿದರು. ತಂದೆಯನ್ನು ಆತ ಮತ್ತೆ ನೋಡಲೇ ಇಲ್ಲ. 1929ರಲ್ಲಿ ಮಲೇರಿಯಾ ಉಲ್ಬಣಿಸಿ ಬರುವ ಒಂದು ಬಗೆಯ ಜ್ವರದಿಂದ ಜೆಸ್ಸಿ ಬೆಟ್ಟದಲ್ಲೇ ತೀರಿಕೊಂಡರು. ತಾಯಿ ಮಾತ್ರ ಭಾರತ ಬಿಡಲಿಲ್ಲ. ಬೆಟ್ಟದ ಹಳ್ಳಿಗಳಲ್ಲಿ ಕೆಲಸ ಮಾಡುತ್ತಲೇ ಮುಪ್ಪಾದ ಆಕೆ ಕೊನೆಯುಸಿರೆಳೆದದ್ದು 95ನೇ ವಯಸ್ಸಿನಲ್ಲಿ.

ಪಾಲ್‌ಗೆ ವೈದ್ಯನಾಗುವ ಆಸೆ ಇರಲಿಲ್ಲ. ಚಿಕ್ಕಂದಿನಲ್ಲಿ ಕಂಡ ಕೀವು, ರಕ್ತ ನೆನೆದರೆ ಆತನಿಗೆ ಹೇಸಿಗೆಯಾಗುತ್ತಿತ್ತು. ಶಾಲೆ ಮುಗಿಸಿ ಕಟ್ಟಡದ ಕೆಲಸ ಕಲಿತ. ಬಡಗಿ ಕೆಲಸ, ಗಾರೆ ಕೆಲಸ, ಕಲ್ಲು ಕೆಲಸಗಳಲ್ಲಿ ಕೆಲವು ವರ್ಷ ಪಳಗಿದ. ಮನಸ್ಸು ವೈದ್ಯಕೀಯದ ಕಡೆಗೆ ತಿರುಗಿದ್ದು ಆಮೇಲೆ. ಲಂಡನ್ನಿನಲ್ಲಿ ಓದಿ, ಎರಡನೇ ಮಹಾಯುದ್ಧದ ಬಾಂಬ್ ದಾಳಿಯ ದಿನಗಳಲ್ಲಿ ಅಲ್ಲಿನ ಆಸ್ಪತ್ರೆಗಳಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಕೊಡುತ್ತ ಶಸ್ತ್ರವೈದ್ಯರಾದರು. 1943ರಲ್ಲಿ ಸಹಪಾಠಿ ಮಾರ್ಗರೆಟ್ ಬೆರ್ರಿ ಅವರನ್ನು ಮದುವೆಯಾದರು. ಮುಂದೆ ಮಾರ್ಗರೆಟ್ ಕಣ್ಣಿನ ವೈದ್ಯೆಯಾಗಿ ಕುಷ್ಠರೋಗಿಗಳ ದೃಷ್ಟಿ ಉಳಿಸುವ ಕೆಲಸದಲ್ಲಿ ಹೆಸರು ಮಾಡಿದರು.

1946ರಲ್ಲಿ ಪಾಲ್ ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕೋಲ್ಕತ್ತದ ಓದುಗರಿಗೆ ಈ ಹೆಸರನ್ನು ಪರಿಚಯಿಸಬೇಕಿಲ್ಲ. ಬಂಗಾಳದಿಂದ ಚಿಕಿತ್ಸೆಗೆಂದು ಎಷ್ಟೋ ಕುಟುಂಬಗಳು ಹೌರಾದಲ್ಲಿ ರೈಲು ಹತ್ತಿ ವೆಲ್ಲೂರಿನ ಪಕ್ಕದ ಕಾಟ್ಪಾಡಿಯಲ್ಲಿ ಇಳಿಯುತ್ತವೆ. ಕರ್ನಾಟಕದಿಂದ ಹೋಗುವವರೂ ಕಡಿಮೆಯಿಲ್ಲ.

ಒಂದು ಬಿಗಿ ಹಿಡಿತ

ವೆಲ್ಲೂರಿಗೆ ಬಂದ ಹೊಸತರಲ್ಲಿ ಬ್ರ್ಯಾಂಡ್ ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿನ ಮುಖ್ಯಸ್ಥ ಡಾ. ರಾಬರ್ಟ್ ಕಾಕ್ರೇನ್ ಚರ್ಮರೋಗ ತಜ್ಞರು. ಭಾರತದಲ್ಲಿ ಸಲ್ಫೋನ್ ಚಿಕಿತ್ಸೆಯನ್ನು ಮೊದಲು ಕೈಗೊಂಡವರಲ್ಲಿ ಒಬ್ಬರು. ಇಬ್ಬರೂ ಆಸ್ಪತ್ರೆಯ ಅಂಗಳದಲ್ಲಿ ನಡೆಯುತ್ತಿದ್ದಾಗ ಒಬ್ಬ ರೋಗಿ ತನ್ನ ಚಪ್ಪಲಿಯ ಪಟ್ಟಿ ಬಿಚ್ಚಲು ಒದ್ದಾಡುತ್ತಿದ್ದುದು ಬ್ರ್ಯಾಂಡ್ ಕಣ್ಣಿಗೆ ಬಿತ್ತು. ಬೆರಳುಗಳು ಹದ್ದಿನ ಪಂಜದಂತೆ ಬಾಗಿದ್ದವು. ಪಟ್ಟಿ ಹೆಬ್ಬೆರಳಿನ ಸಂದಿಯಿಂದ ಮತ್ತೆ ಮತ್ತೆ ಜಾರುತ್ತಿತ್ತು.

ಇಂಥ ಕೈಗಳು ಏಕೆ ಹೀಗಾಗುತ್ತವೆ, ಮೂಳೆ ಮತ್ತು ಕೀಲಿನ ತಜ್ಞರು ಏನು ಮಾಡಿದ್ದಾರೆ ಎಂದು ಬ್ರ್ಯಾಂಡ್ ವಿಚಾರಿಸಿದರು. ಯಾರೂ ಏನೂ ಮಾಡಿಲ್ಲ ಎಂಬ ಉತ್ತರ ಬಂತು. ಬ್ರ್ಯಾಂಡ್ ಆ ರೋಗಿಯ ಕೈಯಲ್ಲಿ ತಮ್ಮ ಕೈಯಿಟ್ಟು, ಆದಷ್ಟು ಬಲವಾಗಿ ಹಿಸುಕಲು ಹೇಳಿದರು. ಸತ್ತೇಹೋಗಿದೆ ಎಂದುಕೊಂಡಿದ್ದ ಕೈ ಅವರ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿಯಿತು.

ಆ ನೋವಿನಲ್ಲಿ ಅವರಿಗೆ ಸುಳಿವು ಸಿಕ್ಕಿತು. ಇಷ್ಟು ಬಲವಾಗಿ ಹಿಡಿಯುವ ಕೈಯಲ್ಲಿ ಎಲ್ಲ ಸ್ನಾಯುಗಳೂ ಸತ್ತಿರಲಾರವು. ಬಲವಾದ ಸ್ನಾಯುಗಳು ಇನ್ನೂ ಇವೆ ಎಂದಮೇಲೆ ಅವುಗಳಲ್ಲಿ ಒಂದನ್ನು ಬೇರೆ ಕೆಲಸಕ್ಕೆ ಹಚ್ಚಬಹುದಲ್ಲವೇ?

ಬ್ರ್ಯಾಂಡ್ ಮತ್ತು ಅವರ ತಂಡ ರೋಗಿಗಳ ಕೈಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವ ಸ್ನಾಯು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಬರೆದಿಟ್ಟರು. ಎಲ್ಲರಲ್ಲೂ ಒಂದೇ ನಮೂನೆ ಕಾಣಿಸಿತು. ಈ ರೋಗಾಣುವಿಗೆ ದೇಹದ ತಂಪಾದ ಜಾಗಗಳೆಂದರೆ ಇಷ್ಟ. ಹಾಗಾಗಿ ನರಗಳು ಚರ್ಮಕ್ಕೆ ಹತ್ತಿರವಾಗಿ ಹಾದುಹೋಗುವ ಕಡೆ, ಅಂದರೆ ಮೊಣಕೈ, ಮಣಿಕಟ್ಟು, ಮಂಡಿಯ ಪಕ್ಕ, ಪಾದದ ಗಂಟುಗಳ ಬಳಿ ಅವು ಊದಿಕೊಂಡು ಹಾಳಾಗುತ್ತವೆ. ಮೊಣಕೈಯ ಒಳಬದಿಗೆ ಏನಾದರೂ ತಗುಲಿದರೆ ಕಿರುಬೆರಳಿನವರೆಗೆ ಜುಮ್ ಎನ್ನುತ್ತದಲ್ಲ, ಅಲ್ಲಿರುವ ಅಲ್ನಾರ್ ನರವೇ ಹೆಚ್ಚಾಗಿ ಕೆಡುವುದು. ಆ ನರ ಕೆಟ್ಟರೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋಲುತ್ತವೆ. ಆದರೆ ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಮುಂಗೈಯಲ್ಲಿ, ಆಳದಲ್ಲಿ. ಅವು ಸಾಮಾನ್ಯವಾಗಿ ಉಳಿದಿರುತ್ತವೆ. ಎದುರಿನಿಂದ ತಡೆಯುವ ಸಣ್ಣ ಸ್ನಾಯು ಇಲ್ಲದ್ದರಿಂದ ಬೆರಳು ಪಂಜದಂತೆ ಬಾಗುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡುತ್ತಾರೆ?

ನಿಮ್ಮ ಒಂದೊಂದು ಬೆರಳನ್ನೂ ಮಡಚಲು ಮುಂಗೈಯಿಂದ ಎರಡೆರಡು ಸ್ನಾಯುರಜ್ಜುಗಳು ಬರುತ್ತವೆ. ಸ್ನಾಯುರಜ್ಜು ಎಂದರೆ ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಗಟ್ಟಿ ಹುರಿ. ಎರಡರಲ್ಲಿ ಒಂದನ್ನು ತೆಗೆದರೂ ಬೆರಳು ಮಡಚಬಲ್ಲದು. ಹೀಗೆ ತೆಗೆಯಬಹುದಾದ ಹುರಿಯೊಂದನ್ನು ಬಿಡಿಸಿ, ನಾಲ್ಕು ಸೀಳು ಮಾಡಿ, ಅಂಗೈಯೊಳಗಿನಿಂದ ಹಾಯಿಸಿ ನಾಲ್ಕು ಬೆರಳುಗಳ ಪಕ್ಕಕ್ಕೆ ಹೊಲಿಯುತ್ತಾರೆ. ಇಷ್ಟು ದಿನ ಬೆರಳು ಮಡಚುತ್ತಿದ್ದ ಸ್ನಾಯು ಇನ್ನು ಮುಂದೆ ಬೆರಳಿನ ಬುಡವನ್ನು ಬಾಗಿಸಿ ತುದಿಯನ್ನು ನೆಟ್ಟಗೆ ಮಾಡುವ ಕೆಲಸ ಮಾಡುತ್ತದೆ. ಇದಕ್ಕೆ ಸ್ನಾಯುರಜ್ಜು ವರ್ಗಾವಣೆ ಎನ್ನುತ್ತಾರೆ. ಪೋಲಿಯೊ ಮತ್ತು ಅಪಘಾತಗಳಿಂದ ಸೋತ ಕೈಗಳಿಗೆ ಅಮೆರಿಕದ ಸ್ಟರ್ಲಿಂಗ್ ಬನೆಲ್ ಮೊದಲಾದವರು ಇಂಥ ವಿಧಾನಗಳನ್ನು ಆಗಲೇ ಬಳಸುತ್ತಿದ್ದರು. ಬ್ರ್ಯಾಂಡ್ ಅವನ್ನು ಕುಷ್ಠರೋಗಿಗಳ ಕೈಗೆ ಹೊಂದಿಸಿದರು. ಮುಂದೆ ಮಣಿಕಟ್ಟಿನ ಸ್ನಾಯುವನ್ನು ಬಳಸುವ ತಮ್ಮದೇ ವಿಧಾನವನ್ನೂ ರೂಪಿಸಿದರು.

ಆಗ ಸಾಮಾನ್ಯ ಆಸ್ಪತ್ರೆಗಳು ಕುಷ್ಠರೋಗಿಗಳನ್ನು ಒಳಗೆ ಸೇರಿಸಲು ಹಿಂಜರಿಯುತ್ತಿದ್ದವು. ಇಂಥವರ ಚರ್ಮ ಕೊಯ್ದರೆ ಗಾಯ ಮಾಯುವುದೇ ಇಲ್ಲ ಎಂಬ ನಂಬಿಕೆ ವೈದ್ಯರಲ್ಲೂ ಇತ್ತು. 1940ರ ದಶಕದ ಕೊನೆಯಲ್ಲಿ ಬ್ರ್ಯಾಂಡ್ ತಮ್ಮ ಮೊದಲ ರೋಗಿಯ ಕೈಗೆ ಶಸ್ತ್ರಚಿಕಿತ್ಸೆ ಮಾಡಿದಾಗ ಗಾಯ ಎಲ್ಲರ ಗಾಯದಂತೆಯೇ ಮಾಯಿತು. ಬೆರಳುಗಳು ಬಿಚ್ಚಿಕೊಂಡವು.

ಇಲ್ಲಿ ನೀವು ಗಮನಿಸಬೇಕಾದ ಮಾತೊಂದಿದೆ. ಈ ಶಸ್ತ್ರಚಿಕಿತ್ಸೆ ಚಲನೆಯನ್ನು ಮರಳಿ ಕೊಡುತ್ತದೆ, ಸ್ಪರ್ಶವನ್ನು ಕೊಡುವುದಿಲ್ಲ. ನೆಟ್ಟಗಾದ ಬೆರಳಿಗೆ ಬಿಸಿ ತಾಗಿದರೆ ಈಗಲೂ ಗೊತ್ತಾಗದು. ಬ್ರ್ಯಾಂಡ್ ಅವರ ಮುಂದಿನ ಶೋಧ ನಿಂತಿರುವುದೇ ಇದರ ಮೇಲೆ.

ಬೆರಳು ಮೊಟಕಾಗುವುದೇಕೆ?

ಕುಷ್ಠರೋಗ ಬಂದರೆ ಬೆರಳುಗಳು ತಾವಾಗಿ ಕೊಳೆತು ಉದುರುತ್ತವೆ ಎಂದು ಇಂದಿಗೂ ಹಲವರು ನಂಬುತ್ತಾರೆ. ಅದು ನಿಜವಲ್ಲ ಎಂಬುದು ಬ್ರ್ಯಾಂಡ್‌ಗೆ ಮನದಟ್ಟಾದದ್ದು ಒಂದು ತುಕ್ಕು ಹಿಡಿದ ಬೀಗದಿಂದ. ಒಂದು ದಿನ ಉಗ್ರಾಣದ ಬೀಗ ತೆಗೆಯಲು ಅವರಿಗೆ ಎಷ್ಟು ತಿಣುಕಿದರೂ ಆಗಲಿಲ್ಲ. ಅಲ್ಲೇ ಇದ್ದ ಹುಡುಗನೊಬ್ಬ, ಅವನೂ ರೋಗಿಯೇ, ಮುಂದೆ ಬಂದು ಕೀಲಿ ತಿರುಗಿಸಿ ಬೀಗ ತೆಗೆದುಬಿಟ್ಟ. ಬಡಕಲು ಹುಡುಗನಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂದು ಬ್ರ್ಯಾಂಡ್ ಬೆರಗಾದರು. ಅಷ್ಟರಲ್ಲಿ ನೆಲದ ಮೇಲೆ ರಕ್ತದ ಹನಿ ಕಂಡಿತು. ಕೀಲಿ ಹುಡುಗನ ಬೆರಳನ್ನು ಮೂಳೆ ಕಾಣುವಷ್ಟು ಕೊಯ್ದಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ.

ನಮಗೆ ನಿಮಗೆ ನೋವು ಇಂತಿಷ್ಟಕ್ಕೆ ಸಾಕು ಎಂದು ತಡೆಯುತ್ತದೆ. ಆ ಹುಡುಗನನ್ನು ತಡೆಯಲು ಒಳಗೆ ಯಾರೂ ಇರಲಿಲ್ಲ. ಅಂದಿನಿಂದ ಬ್ರ್ಯಾಂಡ್ ತಂಡ ರೋಗಿಗಳ ಪ್ರತಿಯೊಂದು ಗಾಯದ ಮೂಲವನ್ನೂ ಹುಡುಕತೊಡಗಿತು. ಒಬ್ಬರು ಬಿಸಿ ಪಾತ್ರೆ ಬರಿಗೈಯಲ್ಲಿ ಇಳಿಸಿದ್ದರು. ಇನ್ನೊಬ್ಬರು ಸುತ್ತಿಗೆಯ ಹಿಡಿಯನ್ನು ಬೊಬ್ಬೆ ಒಡೆದರೂ ಬಿಡದೆ ಹಿಡಿದಿದ್ದರು. ರಾತ್ರಿ ಮಲಗುವಾಗ ಸರಿಯಾಗಿದ್ದ ಬೆರಳು ಬೆಳಗಾಗುವಷ್ಟರಲ್ಲಿ ಗಾಯವಾಗುತ್ತಿದ್ದುದಕ್ಕೆ ಕಾರಣ ಹುಡುಕಲು ಕಾದು ಕೂತಾಗ, ಇಲಿಗಳು ಕಚ್ಚುತ್ತಿರುವುದು ತಿಳಿಯಿತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು. ಆಸ್ಪತ್ರೆಯಿಂದ ಮನೆಗೆ ಹೋಗುವ ರೋಗಿಯ ಜೊತೆ ಒಂದು ಬೆಕ್ಕನ್ನೂ ಕಳುಹಿಸುತ್ತಿದ್ದರು.

ಹೀಗೆ ಪದೇ ಪದೇ ಆಗುವ ಗಾಯ, ಅದರಲ್ಲಿ ಸೇರುವ ಸೋಂಕು, ಸೋಂಕಿನಿಂದ ಸವೆಯುವ ಮೂಳೆ, ಇವೇ ಬೆರಳನ್ನು ಮೊಟಕು ಮಾಡುತ್ತವೆ. ಅಂದರೆ ಬೆರಳು ಹೋಗುವುದು ಹಣೆಬರಹದಿಂದಲ್ಲ, ಕಣ್ಣಿಗೆ ಬೀಳದ ಗಾಯಗಳಿಂದ. ಗಾಯವನ್ನು ತಡೆದರೆ ಬೆರಳು ಉಳಿಯುತ್ತದೆ.

ಒಂದು ರಾತ್ರಿಯ ಭಯ

ರೋಗಿಯ ಭಯ ಎಂಥದೆಂದು ಬ್ರ್ಯಾಂಡ್‌ಗೆ ಸ್ವತಃ ಅನುಭವವಾಗಿತ್ತು. ವೆಲ್ಲೂರಿಗೆ ಬಂದು ಕೆಲವು ವರ್ಷಗಳಾಗಿದ್ದಾಗ ಒಮ್ಮೆ ದೀರ್ಘ ಪ್ರಯಾಣ ಮಾಡಿ ಲಂಡನ್ ತಲುಪಿದರು. ಮೈಗೆ ಹುಷಾರಿರಲಿಲ್ಲ. ರಾತ್ರಿ ಕಾಲುಚೀಲ ತೆಗೆಯುವಾಗ ಒಂದು ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲ ಎನಿಸಿತು. ಸೂಜಿ ಚುಚ್ಚಿ ನೋಡಿದರೂ ನೋವಾಗಲಿಲ್ಲ. ಕುಷ್ಠರೋಗ ತಮಗೂ ಬಂತು ಎಂದುಕೊಂಡು ಇಡೀ ರಾತ್ರಿ ನಿದ್ದೆಯಿಲ್ಲದೆ ಕಳೆದರು. ಹೆಂಡತಿ ಮಕ್ಕಳಿಂದ ದೂರ ಇರಬೇಕಾದೀತು, ತನ್ನನ್ನು ನಂಬಿ ಬಂದ ಸಿಬ್ಬಂದಿ ಹೆದರಿ ಓಡಿಯಾರು ಎಂದೆಲ್ಲ ಯೋಚನೆ ಬಂತು. ಬೆಳಿಗ್ಗೆ ಅದೇ ಜಾಗಕ್ಕೆ ಮತ್ತೆ ಸೂಜಿ ಚುಚ್ಚಿದರು. ಜೋರಾಗಿ ನೋವಾಯಿತು. ಪ್ರಯಾಣದಲ್ಲಿ ಬಹಳ ಹೊತ್ತು ಒಂದೇ ಭಂಗಿಯಲ್ಲಿ ಕೂತು ನರ ಒತ್ತಿ ಜೋಮು ಹಿಡಿದಿತ್ತು, ಅಷ್ಟೆ. ನೋವಾಯಿತೆಂದು ಅವರು ದೇವರಿಗೆ ವಂದಿಸಿದರು. ನೋವು ದೇಹಕ್ಕೆ ಸಿಕ್ಕ ಕೊಡುಗೆ ಎಂಬುದನ್ನು ಆಮೇಲೆ ಬದುಕಿಡೀ ಬರೆದರು, ಹೇಳಿದರು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆ ಎಂದು ತಿಳಿದ ದಿನ ಅವರು ಕಳೆಯುವ ರಾತ್ರಿಯೂ ಇಂಥದೇ. ಬ್ರ್ಯಾಂಡ್‌ಗೆ ಬೆಳಗಾಗುವಷ್ಟರಲ್ಲಿ ಬಿಡುಗಡೆ ಸಿಕ್ಕಿತು. ನಿಮ್ಮವರಿಗೆ ಬಿಡುಗಡೆ ಸಿಗುವುದು ಔಷಧದಿಂದ, ಅದರ ಜೊತೆಗೆ ನೀವು ಪಕ್ಕದಲ್ಲಿ ಕೂರುವುದರಿಂದ.

ಕೈ ಸರಿಯಾಯಿತು, ಮುಂದೇನು?

ಶಸ್ತ್ರಚಿಕಿತ್ಸೆ ಯಶಸ್ವಿಯಾದ ಕೆಲವರು ಸ್ವಲ್ಪ ಕಾಲದಲ್ಲೇ ಬೇಸರದಿಂದ ಮರಳಿ ಬಂದರು. ಮೊದಲು ಸೊಟ್ಟ ಕೈ ನೋಡಿ ಜನ ಕಾಸು ಹಾಕುತ್ತಿದ್ದರು. ಈಗ ಕೈ ನೆಟ್ಟಗಿದೆ, ಭಿಕ್ಷೆ ಹುಟ್ಟುತ್ತಿಲ್ಲ. ಕುಷ್ಠರೋಗದ ಕಳಂಕ ಮಾತ್ರ ಹೋಗಿಲ್ಲ, ಕೆಲಸ ಕೊಡುವವರಿಲ್ಲ, ಬಾಡಿಗೆಗೆ ಮನೆಯಿಲ್ಲ. ಕೈ ಸರಿಪಡಿಸಿದರೆ ಮುಗಿಯಿತು ಎಂದುಕೊಂಡಿದ್ದ ಶಸ್ತ್ರವೈದ್ಯರಿಗೆ ಇದು ದೊಡ್ಡ ಪಾಠವಾಯಿತು.

ಬ್ರ್ಯಾಂಡ್ ಆಗ ವೆಲ್ಲೂರಿನಲ್ಲಿ ನವಜೀವನ ಕೇಂದ್ರವನ್ನು ಕಟ್ಟಿದರು. ಚಿಕಿತ್ಸೆ ಪಡೆದ ಯುವಕರು ಅಲ್ಲಿ ಇದ್ದುಕೊಂಡು ಬಡಗಿ ಕೆಲಸ ಕಲಿತರು, ಮರದ ಆಟಿಕೆ ಮಾಡಿದರು. ಇಂಗ್ಲೆಂಡಿನಲ್ಲಿ ಗಾರೆ, ಮರಗೆಲಸಗಳಲ್ಲಿ ಕಳೆದ ವರ್ಷಗಳು ವ್ಯರ್ಥವಾದವೆಂದುಕೊಂಡಿದ್ದ ವೈದ್ಯರಿಗೆ ಈಗ ಅದೇ ವಿದ್ಯೆ ಕೈಹಿಡಿಯಿತು. ಸ್ಪರ್ಶವಿಲ್ಲದ ಕೈ ಯಾವ ಹಿಡಿಕೆ ಹಿಡಿದರೆ ಗಾಯವಾಗುವುದಿಲ್ಲ, ಗರಗಸವನ್ನು ಹೇಗೆ ಹಿಡಿಯಬೇಕು ಎಂಬುದನ್ನು ಕೆಲಸದ ಮೇಜಿನ ಮುಂದೆ ನಿಂತೇ ಕಲಿಸಿದರು, ತಾವೂ ಕಲಿತರು.

ಬಂದು ಹೋಗುವವರು, ಉಳಿಯುವವರು

ಹೊರದೇಶಗಳ ಶಸ್ತ್ರವೈದ್ಯರು ಕೆಲವು ದಿನಗಳ ಮಟ್ಟಿಗೆ ಬಂದು ಉಚಿತವಾಗಿ ಕೈ ಶಸ್ತ್ರಚಿಕಿತ್ಸೆ ಮಾಡಿ ಹೋಗುವ ಶಿಬಿರಗಳು ಇಂದು ಹಲವು ದೇಶಗಳಲ್ಲಿ ನಡೆಯುತ್ತವೆ. ಆ ಸೇವೆಯಿಂದ ಎಷ್ಟೋ ಜನರಿಗೆ ಒಳ್ಳೆಯದಾಗಿದೆ. ಬ್ರ್ಯಾಂಡ್ ಕೂಡ ಹೊರಗಿನಿಂದ ಬಂದವರೇ. ಆದರೆ ಅವರು ಸುಮಾರು ಇಪ್ಪತ್ತು ವರ್ಷ ಇಲ್ಲೇ ಉಳಿದರು. ಕೈಯ ಶಸ್ತ್ರಚಿಕಿತ್ಸೆಗೆ ಇದು ಏಕೆ ಮುಖ್ಯ ಎಂದರೆ, ಹುರಿ ಹೊಲಿದು ಮುಗಿಸುವುದು ಅರ್ಧ ಕೆಲಸ ಮಾತ್ರ. ಮುಂಚೆ ಬಿಗಿದ ಕೀಲುಗಳನ್ನು ವ್ಯಾಯಾಮದಿಂದ ಸಡಿಲಿಸಬೇಕು. ಆಮೇಲೆ ಸಾಮಾನ್ಯವಾಗಿ ಸುಮಾರು ಮೂರು ವಾರ ಪ್ಲಾಸ್ಟರ್ ಇರುತ್ತದೆ. ಅದನ್ನು ತೆಗೆದ ಮೇಲೆ ಮಿದುಳಿಗೆ ಹೊಸ ಪಾಠ ಕಲಿಸಬೇಕು, ಏಕೆಂದರೆ ಬೆರಳು ಮಡಚುತ್ತಿದ್ದ ಸ್ನಾಯುವಿಗೆ ಈಗ ಬೇರೆ ಕೆಲಸ. ಇದನ್ನು ದಿನವೂ ಕೂತು ಮಾಡಿಸುವವರು ಫಿಸಿಯೊಥೆರಪಿ ತಜ್ಞರು.

ಈ ಕಾರಣಕ್ಕೇ ಬ್ರ್ಯಾಂಡ್ ಒಬ್ಬರೇ ದುಡಿಯಲಿಲ್ಲ, ತಂಡ ಕಟ್ಟಿದರು. ವೆಲ್ಲೂರಿನ ಸಮೀಪದ ಕರಿಗಿರಿಯಲ್ಲಿ 1950ರ ದಶಕದಲ್ಲಿ ಕುಷ್ಠರೋಗ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಬೆಳೆಯಿತು. ಡಾ. ಅರ್ನೆಸ್ಟ್ ಫ್ರಿಟ್ಶಿ ಅವರಂಥ ಶಸ್ತ್ರವೈದ್ಯರು ಅಲ್ಲಿ ಈ ಕೆಲಸವನ್ನು ಮುಂದುವರಿಸಿದರು. ಬೇರೆ ದೇಶಗಳ ವೈದ್ಯರು ಕೈಯ ಶಸ್ತ್ರಚಿಕಿತ್ಸೆ ಕಲಿಯಲು ತಮಿಳುನಾಡಿಗೆ ಬರತೊಡಗಿದರು. ಇದೇ ಕಾಲದಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ಡಾ. ನೊಶಿರ್ ಅಂತಿಯಾ ಪುಣೆ ಮತ್ತು ಮುಂಬೈಗಳಲ್ಲಿ ಕುಷ್ಠರೋಗಿಗಳಿಗೆ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆ ಮಾಡಿ ಹೆಸರಾದರು.

ಬ್ರ್ಯಾಂಡ್ 1960ರ ದಶಕದ ಮಧ್ಯದಲ್ಲಿ ಅಮೆರಿಕದ ಲೂಯಿಸಿಯಾನಾದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿ ಇನ್ನೊಂದು ಸಂಗತಿ ಅವರ ಗಮನಕ್ಕೆ ಬಂತು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರ ಹುಣ್ಣುಗಳೂ ಕುಷ್ಠರೋಗಿಗಳ ಹುಣ್ಣುಗಳೂ ಒಂದೇ ಬಗೆಯವು. ಕಾರಣವೂ ಒಂದೇ, ನೋವು ತಿಳಿಯದಿರುವುದು. ಹುಣ್ಣಾದ ಪಾದಕ್ಕೆ ಪ್ಲಾಸ್ಟರ್ ಹಾಕಿ ವಿಶ್ರಾಂತಿ ಕೊಡುವುದು, ಮೆತ್ತನೆಯ ಅಟ್ಟೆಯ ಪಾದರಕ್ಷೆ ತೊಡಿಸುವುದು ಮುಂತಾಗಿ ಭಾರತದಲ್ಲಿ ಕಲಿತದ್ದನ್ನು ಅಲ್ಲಿ ಬೆಳೆಸಿದರು. ಇಂದು ನಿಮ್ಮ ಮನೆಯ ಮಧುಮೇಹಿಗೆ ವೈದ್ಯರು ದಿನವೂ ಪಾದ ನೋಡಿಕೊಳ್ಳಿ, ಬರಿಗಾಲಲ್ಲಿ ನಡೆಯಬೇಡಿ ಎಂದು ಹೇಳುವುದರ ಹಿಂದೆ ಇಂಥ ಕೆಲಸವೂ ಇದೆ. 1986ರಲ್ಲಿ ನಿವೃತ್ತರಾದ ಬ್ರ್ಯಾಂಡ್ ಸಿಯಾಟಲ್‌ನಲ್ಲಿ 2003ರ ಜುಲೈನಲ್ಲಿ ತೀರಿಕೊಂಡರು. ಅವರಿಗೆ ಆಗ 88 ವರ್ಷ.

ಇದರಿಂದ ನೀವು ತಿಳಿಯಬೇಕಾದದ್ದು

ಬ್ರ್ಯಾಂಡ್ ಕಾಲಕ್ಕೆ ಹೋಲಿಸಿದರೆ ಇಂದು ನಿಮ್ಮ ಸ್ಥಿತಿ ಬಹಳ ಮೇಲು. ಬಹು ಔಷಧ ಚಿಕಿತ್ಸೆ 1980ರ ದಶಕದಿಂದ ಲಭ್ಯವಿದೆ. ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ಮಾತ್ರೆ ಕೊಡುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಪೂರ್ತಿ ಉಚಿತ. ಚಿಕಿತ್ಸೆ ಶುರುವಾದ ಸ್ವಲ್ಪ ಸಮಯದಲ್ಲೇ ರೋಗ ಇನ್ನೊಬ್ಬರಿಗೆ ಹರಡುವುದು ನಿಲ್ಲುತ್ತದೆ. ರೋಗಿಯನ್ನು ಬೇರೆ ಇಡಬೇಕಿಲ್ಲ, ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ.

ತಡಮಾಡದೆ ವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು ಇವು:

• ಮುಟ್ಟಿದರೆ ತಿಳಿಯದ, ಬಣ್ಣ ಮಾಸಿದ ಅಥವಾ ಕೆಂಪಗಿನ ಮಚ್ಚೆ.
• ಕೈ ಅಥವಾ ಪಾದಗಳಲ್ಲಿ ಜೋಮು, ಮರಗಟ್ಟುವಿಕೆ, ಬಿಸಿ ತಣ್ಣನೆ ತಿಳಿಯದಿರುವುದು.
• ಅಂಗಿಯ ಗುಂಡಿ ಹಾಕಲು, ತುತ್ತು ಹಿಡಿಯಲು, ಪೆನ್ನು ಹಿಡಿಯಲು ಹೊಸದಾಗಿ ಕಷ್ಟವಾಗುವುದು.
• ಕಿರುಬೆರಳು, ಉಂಗುರದ ಬೆರಳು ಬಾಗತೊಡಗುವುದು.
• ಮೊಣಕೈಯ ಬಳಿ ನರ ನೋಯುವುದು, ಊದುವುದು. ಚಿಕಿತ್ಸೆಯ ನಡುವೆ ಅಥವಾ ಚಿಕಿತ್ಸೆ ಮುಗಿದ ಮೇಲೂ ಹೀಗಾಗಬಹುದು.

ನರದ ದೌರ್ಬಲ್ಯ ಶುರುವಾಗಿ ಆರು ತಿಂಗಳೊಳಗೆ ವೈದ್ಯರ ಬಳಿ ಹೋದರೆ ಔಷಧದಿಂದಲೇ ಕೈ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಆಗ ಶಸ್ತ್ರಚಿಕಿತ್ಸೆಯೇ ಬೇಕಾಗದೆ ಹೋಗಬಹುದು.

ಕೈ ಮರಗಟ್ಟಿದ್ದರೆ ಮನೆಯಲ್ಲಿ ದಿನವೂ ಹೀಗೆ ಮಾಡಿ:

• ರಾತ್ರಿ ಮಲಗುವ ಮುನ್ನ ಬೆಳಕಿನಲ್ಲಿ ಎರಡೂ ಕೈ, ಎರಡೂ ಪಾದ ನೋಡಿಕೊಳ್ಳಿ. ನೋವು ಹೇಳದ ಗಾಯವನ್ನು ಕಣ್ಣು ಹೇಳಬೇಕು. ದೃಷ್ಟಿ ಮಂದವಿದ್ದರೆ ಮನೆಯವರು ನೋಡಿ.
• ಸುಮಾರು ಇಪ್ಪತ್ತು ನಿಮಿಷ ಸಾದಾ ನೀರಿನಲ್ಲಿ ಕೈ ನೆನೆಸಿ, ನೀರು ಒರೆಸದೆ ಎಣ್ಣೆ ಸವರಿ. ಬಿರುಕು ಬಿಡುವುದಿಲ್ಲ. ಗಾಯವಿದ್ದರೆ ಮೊದಲು ವೈದ್ಯರನ್ನು ಕೇಳಿ.
• ಬಿಸಿ ಲೋಟ, ಪಾತ್ರೆಗಳನ್ನು ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ. ಸ್ನಾನದ ನೀರಿನ ಬಿಸಿಯನ್ನು ಸ್ಪರ್ಶ ಚೆನ್ನಾಗಿರುವ ಇನ್ನೊಬ್ಬರು ಮೊದಲು ನೋಡಲಿ.
• ಗುದ್ದಲಿ, ಕುಡುಗೋಲು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ. ಕೆಲಸದ ನಡುವೆ ಆಗಾಗ ಅಂಗೈ ನೋಡಿ.
• ಬಾಗಿದ ಬೆರಳನ್ನು ತೊಡೆಯ ಮೇಲಿಟ್ಟು ಇನ್ನೊಂದು ಕೈಯಿಂದ ಮೆಲ್ಲಗೆ ನೀವಿ ನೆಟ್ಟಗೆ ಮಾಡಿ. ಕೀಲು ಬಿಗಿಯದಿದ್ದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡಿಸುವುದು ಸುಲಭ.
• ಗಾಯ ಸಣ್ಣದಿದ್ದರೂ ನೋವಿಲ್ಲವೆಂದು ಬಿಡಬೇಡಿ. ತೊಳೆದು, ಶುಭ್ರ ಬಟ್ಟೆ ಕಟ್ಟಿ, ಆ ಕೈಗೆ ವಿಶ್ರಾಂತಿ ಕೊಡಿ. ಊತ, ಕೀವು, ವಾಸನೆ ಇದ್ದರೆ ಆಸ್ಪತ್ರೆಗೆ ಹೋಗಿ.

ಶಸ್ತ್ರಚಿಕಿತ್ಸೆಯ ಮಾತು ಬಂದರೆ, ಅದನ್ನು ಸ್ಥಳೀಯ ಆಸ್ಪತ್ರೆ ಮಾಡಲಿ, ಶಿಬಿರಕ್ಕೆ ಬಂದ ಹೊರಗಿನ ವೈದ್ಯರು ಮಾಡಲಿ, ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ನನ್ನ ಕೈಯ ರೋಗ ಈಗ ಶಾಂತವಾಗಿದೆಯೇ, ಇದು ಸರಿಯಾದ ಸಮಯವೇ? ಮುಂಚೆ ಎಷ್ಟು ದಿನ ವ್ಯಾಯಾಮ ಬೇಕು? ಪ್ಲಾಸ್ಟರ್ ತೆಗೆಯುವವರು ಯಾರು, ಎಲ್ಲಿ? ಆಮೇಲೆ ವ್ಯಾಯಾಮ ಮಾಡಿಸುವವರು ನನ್ನ ಊರಿನ ಹತ್ತಿರ ಇದ್ದಾರೆಯೇ? ಶಿಬಿರ ಮುಗಿದ ಮೇಲೆ ಊತವೋ ಜ್ವರವೋ ಬಂದರೆ ಯಾರ ಬಳಿ ಹೋಗಬೇಕು? ಎಷ್ಟು ದಿನ ಭಾರ ಎತ್ತಬಾರದು? ಇವಕ್ಕೆ ಸ್ಪಷ್ಟ ಉತ್ತರ ಸಿಗುವವರೆಗೆ ಅವಸರ ಬೇಡ. ಇದು ಸಾಮಾನ್ಯವಾಗಿ ದಿನ ನೋಡಿ ಮಾಡಿಸಬಹುದಾದ ಶಸ್ತ್ರಚಿಕಿತ್ಸೆ. ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ನಿಗದಿತ ಆಸ್ಪತ್ರೆಗಳಲ್ಲಿ ಇದಕ್ಕೆ ಅವಕಾಶವಿದೆ, ರೋಗಿಗೆ ಸಹಾಯಧನವೂ ಇದೆ. ವಿವರಗಳನ್ನು ಆಶಾ ಕಾರ್ಯಕರ್ತೆ ಅಥವಾ ಜಿಲ್ಲಾ ಕುಷ್ಠರೋಗ ಅಧಿಕಾರಿಗಳ ಕಚೇರಿಯಲ್ಲಿ ಕೇಳಿ.

ಮನೆಯವರಿಗೆ ಇನ್ನೊಂದು ಮಾತು. ಕೈ ಸುಟ್ಟೀತು, ಕೊಯ್ದೀತು ಎಂಬ ಭಯದಿಂದ ಅವರ ಕೈಯಿಂದ ಎಲ್ಲ ಕೆಲಸ ಕಸಿದುಕೊಳ್ಳಬೇಡಿ. ಕೆಲಸ ಬಿಡಿಸುವುದಕ್ಕಿಂತ ಹಿಡಿಕೆ ಬದಲಿಸುವುದು ಮೇಲು. ಟಿಟಾಗಢದ ಮಗ್ಗಗಳ ಮುಂದೆ ಕೂತವರೆಲ್ಲರಿಗೂ ಶಸ್ತ್ರಚಿಕಿತ್ಸೆ ಆಗಿದೆ ಎಂದಲ್ಲ. ಅವರ ಕೈಗಳೆಲ್ಲ ಮೊದಲಿನಂತೆ ಆಗಿವೆ ಎಂದೂ ಅಲ್ಲ. ಇದ್ದ ಕೈಗೆ ತಕ್ಕ ಕೆಲಸ ಸಿಕ್ಕಿದೆ, ಮುಟ್ಟಿ ಮಾತಾಡಿಸುವ ಜನ ಸಿಕ್ಕಿದ್ದಾರೆ. ಇಂದು ರಾತ್ರಿ ಊಟವಾದ ಮೇಲೆ ನಿಮ್ಮವರ ಕೈಯನ್ನು ನಿಮ್ಮ ಕೈಯಲ್ಲಿ ಹಿಡಿದು, ಅಂಗೈ, ಬೆರಳ ಸಂದಿ, ಉಗುರು ಎಲ್ಲವನ್ನೂ ಒಮ್ಮೆ ಸರಿಯಾಗಿ ನೋಡಿ. ಆರೈಕೆ ಅಲ್ಲಿಂದ ಶುರುವಾಗಲಿ.